ಹೆಣ್ಣುಮಗಳು, ಐವತ್ತೈದು, ಹುನಗುಂದ

ಸುನಂದಾ ಬರೆದ ಮೊದಲ ವರದಿಯನ್ನು ನಂಬುವುದಾದರೆ ಬಾದಾಮಿಯಲ್ಲಿ ಕೆಟ್ಟ ಹೋಟೆಲು ಎಂಬುದೇ ಇರಲಿಲ್ಲ. ಬಸ್ ನಿಲ್ದಾಣದಿಂದ ಮೇಣಬಸದಿ ಗುಹೆಗಳ ಬುಡದವರೆಗೆ ಆಕೆ ಮಾತನಾಡಿಸಿದ ಅಷ್ಟೂ ಜನ, ಕೇಳಿದ ಅಷ್ಟೂ ಹೋಟೆಲುಗಳಿಗೆ ಐದಕ್ಕೆ ಐದು ಚುಕ್ಕಿ ಕೊಟ್ಟಿದ್ದರು. ಹಿಂದಿನ ವಾರವಷ್ಟೇ ಒಂದು ಕಡೆ ವಡೆ ತಿಂದು ದವಾಖಾನೆಗೆ ಅಲೆದಿದ್ದ ಆಟೊದವನೊಬ್ಬ ಅದೇ ಹೋಟೆಲಿಗೂ ಐದು ಒತ್ತಿದ.

"ಅಲ್ರೀ, ಹೊಟ್ಟಿ ಕೆಟ್ಟಿತ್ತು ಅಂದ್ರಿ?"

"ಕೆಟ್ಟಿದ್ದು ನನ್ನ ಹೊಟ್ಟಿ ಬೇ. ಅದಕ್ಕ ಅವರೇನ ಮಾಡ್ತಾರ? ನಾಳೆ ಮುಂಜಾನೆ ಅವರ ಬಾಗಲ ಮುಂದನ ಗಾಡಿ ಹಚ್ಚಬೇಕು ನಾ," ಎಂದು ಆತ ಫೋನನ್ನು ಸುನಂದಾಳ ಕೈಗೆ ತಿರುಗಿ ಕೊಟ್ಟ.

ಆಕೆಗೆ ಕೆಲಸ ಕೊಟ್ಟಿದ್ದ ಕೌಶಿಕನ ಕಂಪನಿ ಇದ್ದದ್ದು ಬಾಗಲಕೋಟೆಯ ನವನಗರದಲ್ಲಿ, ಔಷಧ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ. ಅಲ್ಲಿ ತಯಾರಾಗುತ್ತಿದ್ದ ಆ್ಯಪಿನ ಹೆಸರು 'ಎತ್ತಾಗ', ಯಾವ ಕಡೆಗೆ ಎಂದರ್ಥ. ಹೊಸ ಊರಿಗೆ ಹೋದವರಿಗೆ ಎಲ್ಲಿ ಉಣ್ಣಬೇಕು, ಎಲ್ಲಿ ಸೀರೆ ಕೊಳ್ಳಬೇಕು, ಎಲ್ಲಿ ಒಂದು ಘಳಿಗೆ ಕೂತು ದಣಿವಾರಿಸಿಕೊಳ್ಳಬೇಕು ಎಂದು ಅದು ಹೇಳಬೇಕಿತ್ತು. ಅದನ್ನು ಪೂರ್ತಿ ಕಟ್ಟುವ ಮೊದಲು ಜನರ ಜೊತೆ ಕೂತು, ಅವರು ಒಂದು ಜಾಗವನ್ನು ಹೇಗೆ ಆರಿಸುತ್ತಾರೆಂದು ಕೇಳುವುದು, ಅರ್ಧ ಆಗಿರುವ ಆ್ಯಪನ್ನು ಅವರ ಕೈಗಿತ್ತು ಬೆರಳು ಎಲ್ಲಿ ತಡವರಿಸುತ್ತದೆಂದು ನೋಡುವುದು ಸುನಂದಾಳ ಕೆಲಸ. ಹಗಲು ಝೆರಾಕ್ಸ್ ಅಂಗಡಿಯಲ್ಲಿ ದುಡಿದು, ಸಂಜೆಯ ಕ್ಲಾಸಿಗೆ ಹೋಗಿ ಆಕೆ ಈ ವಿದ್ಯೆ ಕಲಿತಿದ್ದಳು. ಬಳಸುವವರ ಮಾತನ್ನು ನಾವು ತಿದ್ದಬಾರದು, ಒಂದಕ್ಷರವನ್ನೂ ಬದಲಿಸಬಾರದು ಎಂದು ಅಲ್ಲಿನ ಮೇಷ್ಟರು ಹೇಳಿದ್ದನ್ನು ಸೆರಗಿಗೆ ಗಂಟು ಹಾಕಿಕೊಂಡಿದ್ದಳು. ಆದರೂ ಒಂದು ಸಂಶಯ ಆಕೆಯನ್ನು ಬಿಟ್ಟಿರಲಿಲ್ಲ. ತಾನು ಕಲಿತದ್ದು ಸಂಜೆ; ಹಗಲು ಕಲಿತವರಿಗೆ ಇನ್ನೂ ಏನೋ ಹೇಳಿಕೊಟ್ಟಿರಬಹುದು.

ವರದಿ ನೋಡಿ ಕೌಶಿಕ ನಕ್ಕಿದ್ದ. "ಏನ್ರಿ ಸುನಂದಾ, ಎಲ್ಲಾರೂ ಪಾಸ್! ಫೇಲ್ ಆದಾವ ಒಬ್ಬನೂ ಸಿಗಲಿಲ್ಲೇನು? ಎಲ್ಲಾದಕ್ಕೂ ಐದು ಇದ್ರ ನಮ್ಮ ಆ್ಯಪ್ ಯಾರಿಗೆ ಬೇಕು?"

ಪರಿಹಾರ ಆಕೆಯ ತಾಯಿಯ ಬಾಯಿಂದ ಬಂತು. ಮಾರನೆಯ ವಾರ ತಾಯಿ ಫೋನು ಮಾಡಿ, ಅಕ್ಕನ ಅತ್ತೆ ಮಾವ ಬಾದಾಮಿ ನೋಡಲು ಹೊರಟಿದ್ದಾರೆ, ಊಟಕ್ಕೆ ಎಲ್ಲಿಗೆ ಕಳಿಸಲಿ ಎಂದು ಕೇಳಿದಳು. ಸುನಂದಾ ಹಿಂದೆ ಮುಂದೆ ನೋಡದೆ ಹೇಳಿಬಿಟ್ಟಳು. "ನಿಲ್ದಾಣದ ಎದುರಿಂದು ಬ್ಯಾಡ ಬೇ, ಬರೇ ಗಂಡಸರ ಗದ್ದಲ. ಅದರ ಬಾಜೂದ್ದೂ ಬ್ಯಾಡ, ಮೆಟ್ಟಲ ಭಾಳ ಅದಾವ, ಅತ್ತಿಯವರ ಮೊಳಕಾಲ ನೋವು." ಫೋನು ಇಟ್ಟ ಮೇಲೆ ಆಕೆಗೆ ಹೊಳೆಯಿತು. ತಾನೇ ಐದು ಚುಕ್ಕಿ ಬರೆದುಕೊಂಡ ಹೋಟೆಲುಗಳನ್ನು ತಾನೇ ಒಂದೊಂದಾಗಿ ತಳ್ಳಿಹಾಕಿದ್ದಳು.

ಅಂದಿನಿಂದ ಆಕೆ ಹೋಟೆಲು ಹೇಗಿದೆ ಎಂದು ಕೇಳುವುದನ್ನು ಬಿಟ್ಟು, ಅಲ್ಲಿಗೆ ಯಾರನ್ನು ಕರಕೊಂಡು ಹೋಗ್ತೀರಿ, ಯಾರನ್ನು ಒಯ್ಯೋದಿಲ್ಲ ಎಂದು ಕೇಳತೊಡಗಿದಳು. ಕಟ್ಟೆ ಒಡೆದಂತಾಯಿತು. ಅಳಿಯನನ್ನು ಒಯ್ಯೋದಿಲ್ಲ, ಕುರ್ಚಿ ಅಲುಗಾಡ್ತಾವೆ ಎಂದರು ಒಬ್ಬರು. ಕೋರ್ಟಿಗೆ ಬಂದ ಸಾಕ್ಷಿದಾರರನ್ನು ಒಯ್ಯಬೇಕು, ಲಗೂ ಬಡಿಸ್ತಾರೆ ಎಂದರು ಇನ್ನೊಬ್ಬರು. ಯಾರೂ ಯಾರನ್ನೂ ಬೈಯಲಿಲ್ಲ, ಆದರೆ ಹೇಳಬೇಕಾದದ್ದನ್ನೆಲ್ಲ ಹೇಳಿದರು. ಕೌಶಿಕ ಖುಷಿಯಾಗಿ ಚುಕ್ಕಿಗಳನ್ನೇ ತೆಗೆಸಿ, ಒಂದೊಂದು ಜಾಗದ ಕೆಳಗೆ ಇಂಥ ಒಂದೊಂದು ಮಾತು ಕೂರಿಸಲು ಹೇಳಿದ. ಹುನಗುಂದ, ಇಳಕಲ್ ಮುಗಿಸಿ ಬನ್ನಿ, ಆಮೇಲೆ ನಿಮ್ಮ ಕೆಲಸ ಕಾಯಂ ಎಂದೂ ಹೇಳಿದ.

ಹುನಗುಂದದ ಬಸ್ ನಿಲ್ದಾಣದ ಪಕ್ಕದಲ್ಲಿ ಮಕ್ತುಮಬಿಯ ಬಳೆ ಅಂಗಡಿ. ನಾಲ್ಕೂರಿನ ಹೆಣ್ಣುಮಕ್ಕಳು ಬಂದು ಹೋಗುವ ಜಾಗ ಎಂದು ಸುನಂದಾ ಅಲ್ಲಿಗೆ ಹೋದಳು. ಮಕ್ತುಮಬಿ ಆಕೆಯ ಬೆರಳುಗಳನ್ನು ಒತ್ತಿ ಮೆತ್ತಗೆ ಮಾಡಿ ಹಸಿರು ಬಳೆ ಏರಿಸುತ್ತಲೇ, ಸುನಂದಾ ಹೆಸರೆತ್ತಿದ ಹೋಟೆಲುಗಳಿಗೆಲ್ಲ ಬಾದಾಮಿಯ ಜನರಂತೆ 'ಛಲೋ ಐತಿ' ಎಂದಳು. ಇಳಕಲ್ಲಿನ ಯುನೂಸನ ಹೋಟೆಲಿಗೂ ಅದನ್ನೇ ಎಂದಳು.

"ಅಲ್ಲಿಗೆ ಯಾರನ್ನ ಕರ್ಕೊಂಡು ಹೋಗ್ತೀರಿ ಚಾಚಿ?"

ಬಳೆ ಏರಿಸುತ್ತಿದ್ದ ಕೈ ನಿಂತಿತು. "ಅದನ್ನ ಯಾಕ ಕೇಳ್ತಿ?"

"ಹಂಗ ಕೇಳಿದೆ. ಹೆಸರ ಬರಕೊಳ್ಳೂದಿಲ್ಲ."

"ಉಂಡ ಮನಿ ಜಂತಿ ಎಣಸಬಾರದವ್ವಾ," ಎಂದಳು ಮಕ್ತುಮಬಿ. ಆಮೇಲೆ ಅಂಗಡಿಯ ಹೊರಗೆ ಒಮ್ಮೆ ಇಣುಕಿ ನೋಡಿ, ದನಿ ತಗ್ಗಿಸಿದಳು. ಆಕೆಯ ಮಗ ರಿಜ್ವಾನನಿಗೆ ಯುನೂಸನ ಮಗಳು ಆರಿಫಾಳನ್ನು ತರುವ ಮಾತಾಗಿತ್ತು. ಮಾತುಕತೆಗೆ ಹೋದ ದಿನ ಯುನೂಸ ಗಿರಾಕಿಗಳನ್ನು ಎಬ್ಬಿಸಿ, ಹೋಟೆಲಿನ ಬಾಗಿಲು ಹಾಕಿಸಿ, ಬೀಗರನ್ನೆಲ್ಲ ಅಲ್ಲಿಯೇ ಕೂರಿಸಿ ಬಡಿಸಿದ್ದ. "ಅಂಥಾ ಮರ್ಯಾದಿ ನನಗ ಯಾರೂ ಮಾಡಿಲ್ಲ. ಆದ್ರ ಆ ಮಟನ್ ಸುಕ್ಕಾ! ಯವ್ವಾ, ಹಲ್ಲು ಗಟ್ಟಿ ಇದ್ದವರನ್ನ ಕರ್ಕೊಂಡು ಹೋಗಬೇಕು ನೋಡು ಅಲ್ಲಿಗೆ. ಇಲ್ಲದವರಿಗೆ ಸಾರಷ್ಟ ನಸೀಬು."

ಇಬ್ಬರೂ ಬಿದ್ದು ಬಿದ್ದು ನಕ್ಕರು. ನಗು ಮುಗಿದ ಮೇಲೆ ಮಕ್ತುಮಬಿ ಸುನಂದಾಳ ಕೈಯನ್ನು ಬಿಡದೆ ಹಿಡಿದುಕೊಂಡಳು. "ನೋಡವ್ವಾ, ಇನ್ನ ತಾರೀಖ ಹಿಡಿದಿಲ್ಲ. ಯುನೂಸಭಾಯಿ ಒಳ್ಳೆ ಮನಷಾ, ಅವನ ತಮ್ಮಂದಿರು ಸಿಟ್ಟಿನವರು. ಈ ಮಾತು ನಾ ಅಂದೆ ಅಂತ ಇಳಕಲ್ಲಿಗೆ ಮುಟ್ಟಿತಂದ್ರ ನನ್ನ ಮಗನ ಮದುವಿ ಅಲ್ಲೇ ನಿಂತ್ತು."

"ಮುಟ್ಟೂದಿಲ್ಲ ಚಾಚಿ. ನಾ ಮಾತು ಕೊಡ್ತೇನಿ."

ಸುನಂದಾ ಕೊಟ್ಟ ಮಾತನ್ನು ಅಷ್ಟಕ್ಕೇ ಮರೆತವಳಲ್ಲ. ವರದಿ ಬರೆಯುವಾಗ ಹೆಸರು ಬಿಟ್ಟಳು, ಬಳೆ ಅಂಗಡಿ ಬಿಟ್ಟಳು, ಮಗನ ಮದುವೆಯನ್ನೂ ಬಿಟ್ಟಳು. ಹಲ್ಲಿನ ಮಾತನ್ನು ಮಾತ್ರ, ಮೇಷ್ಟರು ಹೇಳಿದಂತೆ, ಒಂದಕ್ಷರ ಬದಲಿಸದೆ ಇಟ್ಟಳು. ಕಂಪನಿಯ ಪದ್ಧತಿಯಲ್ಲಿ ಪ್ರತಿ ಮಾತಿನ ಕೆಳಗೂ ಗಂಡೋ ಹೆಣ್ಣೋ, ವಯಸ್ಸು, ಊರು ಹಾಕಬೇಕಿತ್ತು. ಅದನ್ನು ಹಾಕುವಾಗ ಆಕೆಯ ಮನಸ್ಸು ಕುಟುಕಿತು. ಎದ್ದು ಹೋಗಿ ಕೌಶಿಕನನ್ನು ಕೇಳಿದಳು.

"ವಯಸ್ಸು, ಊರು ಬೇಕ ಏನ್ರಿ ಸರ್?"

"ಹೆಸರು ಇಲ್ಲಲ್ರಿ. ಇನ್ನೇನದ ಅದರಾಗ? ಹುನಗುಂದದಾಗ ಐವತ್ತೈದರ ಹೆಣ್ಣುಮಕ್ಕಳು ಎಷ್ಟು ಸಾವಿರ ಇಲ್ಲ!"

ಲೆಕ್ಕ ಸರಿಯಾಗಿಯೇ ಕಂಡಿತು. ಹಗಲು ಕಲಿತವರು, ಅವರಿಗೆ ಗೊತ್ತಿರುತ್ತದೆ ಎಂದುಕೊಂಡು ಸುನಂದಾ 'ಹೆಣ್ಣುಮಗಳು, ಐವತ್ತೈದು, ಹುನಗುಂದ' ಎಂದು ಬೆರಳಚ್ಚಿಸಿದಳು.

ಮುಂದಿನ ವಾರ ಹೋಟೆಲುಗಳವರನ್ನು ಸೇರಿಸಿಕೊಳ್ಳಲು ಕೌಶಿಕ ತಾನೇ ಇಳಕಲ್ಲಿಗೆ ಹೋದ. ಸಂಜೆ ತಿರುಗಿ ಬಂದವನು ಬ್ಯಾಗು ಇಡುತ್ತಲೇ ಹೇಳಿದ. "ಆ ಯುನೂಸ ಅನ್ನೋರು ವಿಚಿತ್ರ ಮನುಷ್ಯಾರಿ. ಚಾ ತರಿಸಿದ್ರು, ತಮ್ಮಂದಿರನ್ನ ಕರೆದು ಕೂಡಿಸಿದ್ರು, ಎಲ್ಲಾರೂ ನಮ್ಮ ಆ್ಯಪ್ ನೋಡಿದ್ರು. ಆ ಹಲ್ಲಿನ ಮಾತು ಓದಿದ್ದ ತಡ, ಫೋನು ನನ್ನ ಕೈಯಾಗ ಇಟ್ಟು ಒಳಗ ಹೋದವರು ಹೊರಗ ಬರಲೇ ಇಲ್ಲ."

ಸುನಂದಾ ಕುರ್ಚಿ ಬಿಟ್ಟು ಎದ್ದಳು. "ಏನಾದ್ರೂ ಅಂದ್ರೇನ್ರಿ ಸರ್?"

"ಏನಿಲ್ಲ. ನಮ್ಮ ಹೋಟೆಲಿಗೆ ಹೆಣ್ಣುಮಕ್ಕಳು ಬರೂದ ಇಲ್ಲ ಅಂದ್ರು. ಬರೇ ಲಾರಿ ಡ್ರೈವರ್‌ಗಳು, ಗ್ರಾನೈಟ್ ಕೆಲಸದವರು ಅಂತ. ಅದು ನಮಗ ಛಲೋ ಮಾಹಿತಿ, ಬರಕೋರಿ."

ಸುನಂದಾ ಬರೆದುಕೊಳ್ಳಲಿಲ್ಲ. ಹುನಗುಂದದಲ್ಲಿ ಐವತ್ತೈದರ ಹೆಣ್ಣುಮಕ್ಕಳು ಎಷ್ಟು ಸಾವಿರವಾದರೂ ಇರಲಿ, ಯುನೂಸನ ಹೋಟೆಲಿನಲ್ಲಿ ಕೂತು ಉಂಡವಳು ಒಬ್ಬಳೇ. ಬಾಗಿಲು ಹಾಕಿಸಿ, ತನ್ನ ಕೈಯಾರೆ ಬಡಿಸಿದ್ದನಲ್ಲ, ಅವನಿಗೆ ಹೆಸರಾದರೂ ಏಕೆ ಬೇಕು?

ಮರುದಿನ ಮುಂಜಾನೆ ಆಕೆ ಕಚೇರಿಗೆ ಹೋಗದೆ ಹುನಗುಂದದ ಬಸ್ಸು ಹತ್ತಿದಳು. ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟು ಮಾರುವವರು ಕಿಟಕಿಗೆ ಬಂದರು. ಒಂದು ಪೊಟ್ಟಣ ತೆಗೆದುಕೊಂಡು ಹೋಗಲೇ ಎಂದು ಯೋಚಿಸಿ, ತಪ್ಪು ಮಾಡಿ ಸಿಹಿ ಒಯ್ದರೆ ಏನಂದಾರು ಎಂದು ಕೈ ಹಿಂದೆ ತೆಗೆದಳು. ಬಸ್ಸು ಹೊರಟ ಮೇಲೆ, ಒಯ್ಯಬೇಕಿತ್ತೇನೋ ಎಂದು ಹುನಗುಂದದವರೆಗೂ ಕೊರಗಿದಳು.

ಮಕ್ತುಮಬಿಗೆ ಸುದ್ದಿ ಆಗಲೇ ಮುಟ್ಟಿತ್ತು. ಆಕೆ ಕೂಗಾಡಲಿಲ್ಲ. ಗಿರಾಕಿಯನ್ನು ಕಳಿಸಿ ಪರದೆ ಎಳೆದು ಹೇಳಿದಳು.

"ರಾತ್ರಿ ಯುನೂಸಭಾಯಿ ಫೋನ್ ಮಾಡಿದ್ದ. ಬೀಗತಿ, ತಾರೀಖಿನ ಮಾತು ಸ್ವಲ್ಪ ತಡೀರಿ ಅಂದ. ಯಾಕ ಅಂತ ನಾ ಕೇಳಲಿಲ್ಲ, ಅವನೂ ಹೇಳಲಿಲ್ಲ. ಹೇಳೂದೇನೈತಿ? ರಿಜ್ವಾನ ಮುಂಜಾನೆ ಉಣ್ಣದ ಹೋದ."

"ತಪ್ಪು ನಂದ ಚಾಚಿ. ನಾನ ಹೋಗಿ ಹೇಳ್ತೇನಿ."

"ಏನಂತ ಹೇಳ್ತಿ? ಚಾಚಿ ಅಂದಿಲ್ಲ ಅಂತ ಹೇಳಿದ್ರ ನಾ ಅಂದೀನಿ ಅಂತನ ಅರ್ಥ. ಆಕಿ ನಗಿಚಾಟಿಗೆ ಅಂದಿದ್ಲು ಅಂದ್ರ ಇನ್ನೂ ಕೆಟ್ಟು ಹೋತು. ಸುಮ್ನ ಇದ್ರ ಹಿಂಗ. ಎತ್ತಾಗ ಹೋದ್ರೂ ನನ್ನ ಬಾಯೇ ಸಿಗತೈತಿ. ನಾ ಹೇಳಿದ್ದು ನಿನಗ, ಊರಿಗಲ್ಲ."

 ಸುನಂದಾ ಇಳಕಲ್ಲಿನ ಬಸ್ಸು ಹತ್ತಿ ಕೂತಳು. ಮಕ್ತುಮಬಿ ಹೇಳಿದ್ದು ನಿಜ. ಆ ಮಾತನ್ನು ಆಕೆಯ ಹೆಗಲಿನಿಂದ ಇಳಿಸಬೇಕಾದರೆ ಬೇರೆ ಯಾರಾದರೂ ಹೊರಬೇಕು. ಮಾತು ಸುನಂದಾಳದ್ದೇ ಎಂದಾದರೆ? ಆ್ಯಪು ಹೇಗೆ ಕಾಣುತ್ತದೆಂದು ನೋಡಲು ಕಂಪನಿಯವರು ಹುಸಿ ಹೆಸರು, ಹುಸಿ ಮಾತು ತುಂಬುವುದು ಉಂಟು. ಇದೂ ಹಾಗೆ ತುಂಬಿದ್ದು ಎಂದರಾಯಿತು. ಆದರೆ ಹಾಗೆಂದ ಮರುಕ್ಷಣ ಬಾದಾಮಿಯಿಂದ ಇಳಕಲ್ಲಿನವರೆಗೆ ತಾನು ಕೇಳಿ ಬರೆದದ್ದೆಲ್ಲ ಕಟ್ಟುಕತೆ ಎಂದಾಗುತ್ತದೆ. ಒಂದಕ್ಷರ ತಿದ್ದದೆ ಮಾಡಿದ ಕೆಲಸವನ್ನು ತಾನೇ ಸುಳ್ಳು ಎನ್ನಬೇಕು. ಬಸ್ಸು ಇಳಕಲ್ ಮುಟ್ಟುವ ಹೊತ್ತಿಗೆ ಆಕೆ ಹೂಂ ಎಂದು ನಿರ್ಧರಿಸಿದ್ದಳು. 

ಯುನೂಸ ಗಲ್ಲೆಯ ಮೇಲೆ ಕೂತಿದ್ದ. ಬಿಳಿ ಗಡ್ಡದ, ದಪ್ಪ ಕನ್ನಡಕದ ಮನುಷ್ಯ. ಮಧ್ಯಾಹ್ನದ ಗದ್ದಲ ಇಳಿದಿತ್ತು. ಮೂಲೆಯ ಮೇಜಿನಲ್ಲಿ ಇಬ್ಬರು ಡ್ರೈವರುಗಳು ಉಣ್ಣುತ್ತಿದ್ದರು. ಹೆಂಗಸು ಒಳಗೆ ಬಂದದ್ದು ನೋಡಿ ಅವರು ಕೈ ತಡೆದರು.

"ನಾ ಸುನಂದಾ ಅಂತರಿ ಚಾಚಾ. ಬಾಗಲಕೋಟಿಯಿಂದ, ಆ ಆ್ಯಪಿನ ಕಂಪನಿಯಾಕಿ. ಹಲ್ಲಿನ ಮಾತು ನಾನ ಬರದದ್ದು. ಯಾರೂ ಹೇಳಿದ್ದಲ್ಲ."

"ನೀ ಬರದದ್ದು?"

"ಹೂನ್ರಿ. ನೋಡಾಕ ಹೆಂಗ ಕಾಣತೈತಿ ಅಂತ ಹಂಗ ಏನರ ತುಂಬತೇವ್ರಿ."

"ಹೆಣ್ಣುಮಗಳು ಅಂತ ಐತಿ."

"ನಾನೂ ಹೆಣ್ಣುಮಗಳಲ್ರಿ."

"ಐವತ್ತೈದು?"

"ಬಾಯಿಗೆ ಬಂದದ್ದು ಹಾಕಿದೆ."

"ಹುನಗುಂದ?"

"ಹಾದ್ಯಾಗ ಬರತೈತಲ್ರಿ."

ಯುನೂಸ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡ. "ನನ್ನ ಹೋಟೆಲಿನಾಗ ಯಾವಾಗರ ಉಂಡೀಯೇನು?"

ಸುನಂದಾ ಇದನ್ನು ಯೋಚಿಸಿಯೇ ಇರಲಿಲ್ಲ. "ಇಲ್ರಿ."

"ಉಣ್ಣಲಾರದ ನನ್ನ ಮಟನ್ ಗಟ್ಟಿ ಅಂತ ಬರದಿ. ಊರ ಮಂದಿ ಓದ್ಲಿ ಅಂತ."

"ಹೂನ್ರಿ," ಎಂದಳು ಸುನಂದಾ.  ಇಲ್ಲದ್ದನ್ನು ಕಟ್ಟಿ ಬರೆಯುವುದು, ಇಷ್ಟು ದಿನದಲ್ಲಿ ಆಕೆ ಮಾಡದ ತಪ್ಪು ಅದೊಂದೇ ಇತ್ತು; ಅದನ್ನೀಗ ಮಾಡಿದೆನೆಂದು ಒಪ್ಪಿಕೊಂಡಿದ್ದಳು.

ಯುನೂಸ ಕನ್ನಡಕ ತಿರುಗಿ ಏರಿಸಿಕೊಂಡ. ನಂಬಿದನೋ ಇಲ್ಲವೋ ಮುಖದಿಂದ ತಿಳಿಯಲಿಲ್ಲ. ಆಮೇಲೆ ಅಡುಗೆಮನೆಯ ಕಡೆ ತಿರುಗಿ, "ಅಯೂಬ, ಒಂದ ತಾಟ ಹಚ್ಚು. ಸುಕ್ಕಾ ಹಾಕು," ಎಂದು ಕೂಗಿದ. ಸುನಂದಾಳಿಗೆ ಕೇಳಿದ: "ಮಟನ್ ಉಣ್ತೀ ಇಲ್ಲೋ?"

"ಉಣ್ತೇನ್ರಿ. ನಮ್ಮ ಮನ್ಯಾಗೂ ಮಾಡ್ತಾರ."

ಬಿಸಿ ಜೋಳದ ರೊಟ್ಟಿ, ಸುಕ್ಕಾ, ಒಂದು ಬಟ್ಟಲು ಸಾರು ಬಂದವು. ಯುನೂಸ ಎದುರಿನ ಕುರ್ಚಿ ಎಳೆದುಕೊಂಡು ಕೂತ. ಎದುರಿನವರು ಏನು ಹೇಳುತ್ತಾರೆ ಎನ್ನುವುದಕ್ಕಿಂತ ಅವರ ಮುಖ ಏನು ಮಾಡುತ್ತದೆ ನೋಡಬೇಕು ಎಂದು ಸಂಜೆಯ ಕ್ಲಾಸಿನಲ್ಲಿ ಕಲಿಸಿದ್ದರು. ಈಗ ನೋಡುವವನು ಯುನೂಸ, ಅಗಿಯುವವಳು ತಾನು. ಮೊದಲ ತುಂಡು ಹಲ್ಲಿಗೆ ಸಿಕ್ಕು ಅತ್ತಿಂದಿತ್ತ ಓಡಾಡಿತು, ಮೆತ್ತಗಾಗಲಿಲ್ಲ. ಆಕೆ ಅದನ್ನು ಹಾಗೆಯೇ ನುಂಗಿ ನೀರು ಕುಡಿದಳು.

"ಹೆಂಗೈತಿ?"

ಛಲೋ ಐತಿ ಎನ್ನುವುದು ಎಷ್ಟು ಸಲೀಸು ಎಂದು ಸುನಂದಾಳಿಗೆ ಆಗ ತಿಳಿಯಿತು. ತಾಟು ಮುಂದಿದೆ, ಬಡಿಸಿದವನು ಎದುರಿಗಿದ್ದಾನೆ. ಆದರೆ ಹಾಗೆಂದುಬಿಟ್ಟರೆ ಬರೆದ ಮಾತು ಮತ್ತೆ ಉರುಳಿ ಹುನಗುಂದಕ್ಕೇ ಹೋಗಿ ಬೀಳುತ್ತದೆ.

"ಗಟ್ಟಿ ಐತ್ರಿ ಚಾಚಾ."

"ಏನಂದಿ?"

"ಗಟ್ಟಿ ಐತ್ರಿ. ಸಾರು ಭಾಳ ಛಲೋ ಐತಿ. ಸುಕ್ಕಾ ಗಟ್ಟಿ."

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಮೂಲೆಯಲ್ಲಿದ್ದ ಡ್ರೈವರೊಬ್ಬ, "ಯಾರರ ಅಂದ್ರಲ್ಲಪಾ ಒಮ್ಮೆ!" ಎಂದು ತಾಟಿನೊಳಗೇ ನಕ್ಕ. ಯುನೂಸ ತಿರುಗಿ ನೋಡಿದ್ದಕ್ಕೆ ಬಾಯಿ ಮುಚ್ಚಿಕೊಂಡು ರೊಟ್ಟಿ ಮುರಿಯತೊಡಗಿದ.

"ಆ ಮಾತು ಇನ್ನೂ ಐತೇನು ಫೋನಿನ್ಯಾಗ?" ಎಂದು ಕೇಳಿದ ಯುನೂಸ.

"ಈಗಿಂದೀಗ ತಗಸ್ತೇನ್ರಿ."

"ತಗಿಬ್ಯಾಡ. ನನ್ನ ತಮ್ಮಂದಿರು ಅದನ್ನ ಓದ್ಯಾರ. ತಗದ್ರ ಯಾರನ್ನೋ ಮುಚ್ಚಿಟ್ರು ಅಂತಾರ. ಬರದಾಕಿ ನೀ ಅಂತಿ, ಈಗ ಉಂಡೂ ನೋಡಿದಿ. ಹಂಗಾರ ನಿನ್ನ ಹೆಸರ ಹಾಕು. ವಯಸ್ಸು, ಊರು, ಎಲ್ಲಾ ನಿಂದ ಹಾಕು. ಅವರಿಗೆ ತೋರಸ್ತೇನಿ."

ಸುನಂದಾ ಅಲ್ಲಿಂದಲೇ ಕೌಶಿಕನಿಗೆ ಫೋನು ಮಾಡಿ ನಡೆದದ್ದನ್ನು ಚಿಕ್ಕದಾಗಿ ಹೇಳಿದಳು. ಹುನಗುಂದದ ಹೆಸರೆತ್ತಲಿಲ್ಲ. ಕೌಶಿಕ ಹೌಹಾರಿದ. "ನಿಮಗೇನಾಗ್ಯದ? ನಮ್ಮ ಮಂದಿ ಹೆಸರೇ ಕೆಳಗಿದ್ರ ಉಳಿದ ಮಾತುಗಳನ್ನ ಯಾರು ನಂಬ್ತಾರ? ಎಲ್ಲಾ ನಾವ ಕೂತು ಬರದೀವಿ ಅಂತಾರ. ಇದನ್ನ ನಾಳೆ ಮಾತಾಡೂಣು, ಬರ್ರಿ."

ಇಷ್ಟು ದಿನ ಕೌಶಿಕನ ಮಾತಿಗೆ 'ಹೂಂ ಸರ್' ಬಿಟ್ಟು ಇನ್ನೊಂದು ಆಡಿದವಳಲ್ಲ ಸುನಂದಾ. "ಈಗ ಹಾಕ್ರಿ ಸರ್," ಎಂದಳು. "ಮತ್ತ ಉಳಿದದ್ದೆಲ್ಲಾದರ ಕೆಳಗ ವಯಸ್ಸು, ಊರು ತಗೀರಿ. ಇಲ್ಲಾಂದ್ರ ನಾಳಿಂದ ನಾ ಯಾರ ಮುಂದನೂ ಹೋಗಿ ಕೂಡೂದಿಲ್ಲ. ನಮ್ಮ ಮಂದಿ ಮಾತು ಇಸ್ಕೊಳ್ಳಾಕ ನನ್ನ ಹತ್ರ ಮುಖಾ ಇರೂದಿಲ್ಲ."  ಕೆಲಸ ಹೋಯಿತು ಎಂದೇ ಅಂದುಕೊಂಡಳು. ಆ ಕಡೆಯಿಂದ ಕೀಲಿಮಣೆ ಕುಟ್ಟುವ ಸದ್ದು ಬಂತು. ಆಮೇಲೆ ಕೌಶಿಕ, "ಇಪ್ಪತ್ತೇಳೇನು ನಿಮ್ಮ ವಯಸ್ಸು?" ಎಂದು ಕೇಳಿದ.

ಹಲ್ಲಿನ ಮಾತಿನ ಕೆಳಗೆ 'ಸುನಂದಾ, ಇಪ್ಪತ್ತೇಳು, ಬಾಗಲಕೋಟೆ' ಎಂದು ಮೂಡಿತು. ಯುನೂಸ ಫೋನನ್ನು ದೂರ ಹಿಡಿದು ಓದಿದ, ಹತ್ತಿರ ಹಿಡಿದು ಓದಿದ, ಹಿತ್ತಲ ಬಾಗಿಲಿನಿಂದ ಮನೆಯೊಳಗೆ ಒಯ್ದ. ಒಳಗೆ ಗಂಡಸರ ದನಿ ಏರಿತು, ಇಳಿಯಿತು. ಸುನಂದಾ ಅಷ್ಟರಲ್ಲಿ ತಾಟಿನಲ್ಲಿದ್ದುದನ್ನೆಲ್ಲ ಹಟ ಹಿಡಿದು ಉಂಡು ಮುಗಿಸಿದಳು. ಬಿಟ್ಟರೆ ಅದೊಂದು ಬೇರೆ ಮಾತಾದೀತೆಂಬ ಭಯ.

ಯುನೂಸ ತಿರುಗಿ ಬಂದವನು ಆಕೆಯ ಎದುರಿಗೇ ನಿಂತು ತನ್ನ ಫೋನಿನಲ್ಲಿ ಮಾತನಾಡಿದ. "ಬೀಗತಿ, ಯುನೂಸ ಮಾತಾಡೂದು. ಅದು ಬಾಗಲಕೋಟಿ ಹುಡುಗಿ ಬರದದ್ದಂತ. ಹೂಂ. ಇಲ್ಲೇ ಬಂದಾಳ. ತಮ್ಮಂದಿರೂ ನೋಡಿದ್ರು. ಶುಕ್ರವಾರ ನಮಾಜ್ ಮುಗಿಸಿಕೊಂಡು ಬರ್ರಿ, ತಾರೀಖ ಹಿಡಿಯೂಣು." ಸ್ವಲ್ಪ ತಡೆದು, "ಊಟ ಈ ಸಲ ಮನ್ಯಾಗ ಮಾಡಸ್ತೇನಿ," ಎಂದ.

ಕೈ ತೊಳೆದು ಹೊರಟ ಸುನಂದಾಳಿಗೆ, ಆ್ಯಪಿನಲ್ಲಿ ಹೋಟೆಲನ್ನು ಸೇರಿಸುವ ವಿಷಯ ಕೇಳುವ ಧೈರ್ಯ ಬರಲಿಲ್ಲ. ಯುನೂಸನೂ ಎತ್ತಲಿಲ್ಲ. "ಲಗೂ ಹೋಗವಾ, ಬಸ್ ಹೋದೀತು," ಎಂದಷ್ಟೇ ಹೇಳಿದ.

ಬಾಗಲಕೋಟೆಯ ಬಸ್ಸು ಹುನಗುಂದದ ನಿಲ್ದಾಣಕ್ಕೆ ಬಂದು ನಿಂತಾಗ ಇಳಿಯಬೇಕೋ ಬೇಡವೋ ಎಂದು ಸುನಂದಾ ಅರ್ಧ ಎದ್ದಳು, ಮತ್ತೆ ಕೂತಳು. ಅಷ್ಟರಲ್ಲಿ ಮಕ್ತುಮಬಿಯೇ ಬಸ್ಸುಗಳನ್ನು ಒಂದೊಂದಾಗಿ ಇಣುಕುತ್ತ ಬಂದು ಆಕೆಯ ಕಿಟಕಿಯ ಕೆಳಗೆ ನಿಂತಳು. ಮುಖದ ಮೇಲಿನ ಸಿಟ್ಟು ಪೂರ್ತಿ ಇಳಿದಿರಲಿಲ್ಲ.

"ಇನ್ನ ಈ ಕಡೆ ಬಂದ್ರ ಬಳಿ ಇಟಗೋ, ಚಾ ಕುಡಿ, ಹೋಗು. ಏನೂ ಕೇಳಬ್ಯಾಡ ನನ್ನ."

"ಇಲ್ಲ ಚಾಚಿ."

"ಅಂವಾ ಉಣ್ಣಾಕ ಹಾಕಿದ್ನಂತಲ್ಲ?"

"ಹೂಂ ಚಾಚಿ."

ಮಕ್ತುಮಬಿ ಕಿಟಕಿಯ ಸರಳು ಹಿಡಿದು ಇನ್ನೂ ಹತ್ತಿರ ಬಂದಳು. ಕಣ್ಣಿನಲ್ಲಿ ನಗು ಇಣುಕಿತು. "ಮತ್ತ? ಖರೇನ ಗಟ್ಟಿ ಇತ್ತಿಲ್ಲೋ?"

ಸುನಂದಾ ಬಸ್ಸಿನೊಳಗೆ ಒಮ್ಮೆ ಕಣ್ಣಾಡಿಸಿದಳು. ಇಳಕಲ್ಲಿನಲ್ಲಿ ಹತ್ತಿದ್ದ ಇಬ್ಬರು ಹೆಂಗಸರು ಮುಂದಿನ ಸೀಟಿನಲ್ಲಿ ಮಾತು ನಿಲ್ಲಿಸಿ ಕಿವಿ ಇತ್ತ ಹೊರಳಿಸಿ ಕೂತಿದ್ದರು.

"ಬಸ್ ಬಿಡತೈತಿ ಚಾಚಿ, ಸರೀರಿ," ಎಂದಳು.

ಮಕ್ತುಮಬಿ ಬಸ್ಸಿನ ತಗಡಿಗೆ ಅಂಗೈಯಿಂದ ಎರಡು ಸಲ ಬಡಿದಳು. ಕಂಡಕ್ಟರು ಸೀಟಿ ಊದಿದ.